ಬಸುರಿಯ ತೂಕ: ಎಷ್ಟು ಏರಬೇಕು, ಏನು ಉಣ್ಣಬೇಕು, ಎಷ್ಟು ನಡೆಯಬೇಕು?

ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಸಲಹೆಗಳಿಗೆ ಬರವಿಲ್ಲ. "ಈಗ ನೀನು ಒಬ್ಬಳಲ್ಲ, ಇಬ್ಬರ ಊಟ ಮಾಡು" ಎಂದು ಅತ್ತೆ ಮತ್ತೊಂದು ಸೌಟು ಅನ್ನ ಬಡಿಸುತ್ತಾರೆ. "ಜಾಸ್ತಿ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಕಡಿಮೆ ಉಣ್ಣು ಮಗಾ" ಎಂದು ನೆರೆಮನೆಯ ಅಜ್ಜಿ ಹೇಳುತ್ತಾರೆ. ಒಬ್ಬರು ಅಲುಗಾಡಬೇಡ ಎಂದರೆ ಇನ್ನೊಬ್ಬರು ನೆಲ ಒರೆಸು, ಹೆರಿಗೆ ಸಲೀಸಾಗುತ್ತದೆ ಎನ್ನುತ್ತಾರೆ. ಗಡಿಯ ಈಚೆ ಕಾಣಕೋಣದಲ್ಲಾಗಲಿ, ಆಚೆ ಕಾರವಾರದಲ್ಲಾಗಲಿ ಈ ಮಾತುಗಳು ಕನ್ನಡದಲ್ಲೂ ಕೊಂಕಣಿಯಲ್ಲೂ ಒಂದೇ ತೆರನಾಗಿ ಕೇಳಿಬರುತ್ತವೆ.

ಇವುಗಳಲ್ಲಿ ಯಾವುದು ಸರಿ? ಉತ್ತರ ಆ ಹೆಂಗಸು ಬಸುರಿಯಾಗುವ ಮೊದಲು ಎಷ್ಟು ತೂಕವಿದ್ದಳು ಎಂಬುದರ ಮೇಲೆ ನಿಂತಿದೆ. ತೆಳ್ಳಗಿದ್ದವಳು ಹೆಚ್ಚು ತೂಕ ಏರಬೇಕು, ದಪ್ಪಗಿದ್ದವಳು ಕಡಿಮೆ ಏರಬೇಕು. ಒಬ್ಬಳಿಗೆ ಒಳ್ಳೆಯದಾದ ಸಲಹೆ ಇನ್ನೊಬ್ಬಳಿಗೆ ತೊಂದರೆ ತರಬಹುದು.

ಗೋವಾದಲ್ಲಿ ಈ ವಿಷಯ ಇನ್ನಷ್ಟು ಮುಖ್ಯ. ಕೇಂದ್ರ ಸರಕಾರದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಗೋವಾದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 36ರಷ್ಟು ಮಂದಿ ಹೆಚ್ಚು ತೂಕದವರು ಅಥವಾ ಬೊಜ್ಜು ಇರುವವರು. ಅದೇ ರಾಜ್ಯದಲ್ಲಿ ಸುಮಾರು ಶೇ. 14ರಷ್ಟು ಹೆಂಗಸರು ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದಾರೆ. ಗರ್ಭಿಣಿಯರಲ್ಲಿ ಶೇ. 41ರಷ್ಟು ಮಂದಿಗೆ ರಕ್ತಹೀನತೆ ಇದೆ. 2015-16ರ ಸಮೀಕ್ಷೆಯಲ್ಲಿ ಇದು ಸುಮಾರು ಶೇ. 27 ಇತ್ತು. ಅಂದರೆ ಒಂದೇ ವಾಡೆಯಲ್ಲಿ ತೂಕ ಅತಿಯಾದವಳೂ ಸಿಗುತ್ತಾಳೆ, ತೂಕ ಸಾಲದವಳೂ ಸಿಗುತ್ತಾಳೆ. ಮೈ ದಪ್ಪಗಿದ್ದೂ ರಕ್ತ ಕಡಿಮೆ ಇರುವವಳೂ ಸಿಗುತ್ತಾಳೆ.

ಏರಿದ ತೂಕ ಎಲ್ಲಿ ಹೋಗುತ್ತದೆ?

ಒಂಬತ್ತು ತಿಂಗಳಲ್ಲಿ ಹನ್ನೆರಡು ಕಿಲೋ ಏರಿದರೆ ಅದೆಲ್ಲ ಕೊಬ್ಬು ಎಂದು ತಿಳಿಯಬಾರದು. ಸಾಮಾನ್ಯ ಲೆಕ್ಕ ಹೀಗಿದೆ:

- ಮಗು: ಸುಮಾರು 3ರಿಂದ 3.5 ಕಿಲೋ
- ಮಾಸು (ಕಸ): ಸುಮಾರು 700 ಗ್ರಾಂ
- ಮಗುವಿನ ಸುತ್ತಲಿನ ನೀರು: ಒಂದು ಕಿಲೋಗೆ ಸ್ವಲ್ಪ ಕಡಿಮೆ
- ಬೆಳೆದ ಗರ್ಭಕೋಶ: ಸುಮಾರು ಒಂದು ಕಿಲೋ
- ಸ್ತನಗಳು: ಸುಮಾರು ಅರ್ಧ ಕಿಲೋ
- ತಾಯಿಯ ಮೈಯಲ್ಲಿ ಹೆಚ್ಚಾಗುವ ರಕ್ತ: ಸುಮಾರು ಒಂದೂವರೆ ಕಿಲೋ
- ಮೈಯಲ್ಲಿ ನಿಲ್ಲುವ ನೀರು: ಸುಮಾರು ಒಂದೂವರೆ ಕಿಲೋ
- ಕೊಬ್ಬು: ಸುಮಾರು 3 ಕಿಲೋ

ಈ ಮೂರು ಕಿಲೋ ಕೊಬ್ಬು ಕೂಡ ವ್ಯರ್ಥವಲ್ಲ. ಹೆರಿಗೆಯಾದ ಮೇಲೆ ಹಾಲುಣಿಸಲು ದೇಹ ಮಾಡಿಟ್ಟುಕೊಳ್ಳುವ ಉಳಿತಾಯ ಅದು. ಮಿತಿ ಮೀರಿದಾಗ ಹೆಚ್ಚಾಗುವುದೂ ಸಾಮಾನ್ಯವಾಗಿ ಇದೇ ಪಾಲು. ಊಟ ಸಾಲದಾದಾಗ ಈ ಉಳಿತಾಯವೂ ಇರುವುದಿಲ್ಲ, ಮಗುವಿನ ತೂಕಕ್ಕೂ ಪೆಟ್ಟು ಬೀಳುತ್ತದೆ.

ಎಷ್ಟು ಏರಬೇಕು?

ವೈದ್ಯರ ಅಭಿಪ್ರಾಯವೂ ಕಾಲಕಾಲಕ್ಕೆ ಬದಲಾಗಿದೆ. ಕಳೆದ ಶತಮಾನದ ಮಧ್ಯದವರೆಗೂ ಅಮೆರಿಕದ ಬಹಳಷ್ಟು ವೈದ್ಯರು ಬಸುರಿಯ ತೂಕವನ್ನು ಏಳೆಂಟು ಕಿಲೋಗೆ ಕಟ್ಟಿಹಾಕುತ್ತಿದ್ದರು. ಇದರಿಂದ ಮಕ್ಕಳು ಕಡಿಮೆ ತೂಕದಲ್ಲಿ ಹುಟ್ಟುತ್ತವೆ ಎಂದು ಕಂಡುಬಂದ ಮೇಲೆ 1970ರಲ್ಲಿ ಮಿತಿಯನ್ನು ಸಡಿಲಿಸಲಾಯಿತು. 1990ರಲ್ಲಿ ಬಸುರಿಗೆ ಮೊದಲಿನ ತೂಕ ನೋಡಿ ಲೆಕ್ಕ ಹಾಕುವ ಪದ್ಧತಿ ಬಂತು. ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆ 2009ರಲ್ಲಿ ಪರಿಷ್ಕರಿಸಿದ ಪಟ್ಟಿ.

ಈ ಪಟ್ಟಿ ಬಿಎಂಐ ಎಂಬ ಅಳತೆಯನ್ನು ಆಧರಿಸಿದೆ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಎತ್ತರ 150 ಸೆಂಟಿಮೀಟರ್ (ಹೆಚ್ಚುಕಡಿಮೆ ಐದಡಿ), ತೂಕ 45 ಕಿಲೋ ಇದ್ದರೆ ಬಿಎಂಐ 20. ಲೆಕ್ಕ ಬಾರದಿದ್ದರೆ ಆಸ್ಪತ್ರೆಯ ಸಿಸ್ಟರ್ ಮಾಡಿಕೊಡುತ್ತಾರೆ.

- ಬಿಎಂಐ 18.5ಕ್ಕಿಂತ ಕಡಿಮೆ (ತೆಳ್ಳಗಿನವರು): ಒಟ್ಟು 12.5ರಿಂದ 18 ಕಿಲೋ ಏರಬೇಕು
- 18.5ರಿಂದ 24.9 (ಸರಿಯಾದ ತೂಕ): 11.5ರಿಂದ 16 ಕಿಲೋ
- 25ರಿಂದ 29.9 (ಹೆಚ್ಚು ತೂಕ): 7ರಿಂದ 11.5 ಕಿಲೋ
- 30 ಮತ್ತು ಮೇಲೆ (ಬೊಜ್ಜು): 5ರಿಂದ 9 ಕಿಲೋ

ಉದಾಹರಣೆಗೆ, ಐದಡಿ ಎತ್ತರದ ಇಬ್ಬರು ಹೆಂಗಸರಿದ್ದಾರೆ ಎನ್ನೋಣ. ಒಬ್ಬಳು 40 ಕಿಲೋ, ಇನ್ನೊಬ್ಬಳು 65 ಕಿಲೋ. ಮೊದಲನೆಯವಳ ಬಿಎಂಐ ಸುಮಾರು 17.8, ಎರಡನೆಯವಳದು ಸುಮಾರು 29. ಇಬ್ಬರೂ ಎಂಟು ಕಿಲೋ ಏರಿದರೆ 65 ಕಿಲೋದವಳಿಗೆ ಅದು ಸಾಕು, 40 ಕಿಲೋದವಳಿಗೆ ಏನೇನೂ ಸಾಲದು.

ನಮ್ಮ ದೇಶದ ಹೆಂಗಸರ ಮೈಕಟ್ಟು ಚಿಕ್ಕದು. ಆದ್ದರಿಂದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸರಿಯಾದ ತೂಕದ ಭಾರತೀಯ ಮಹಿಳೆಗೆ 10ರಿಂದ 12 ಕಿಲೋ ಏರಿಕೆಯನ್ನು ಸೂಚಿಸುತ್ತದೆ. ಭಾರತೀಯರಲ್ಲಿ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಪರಿಗಣಿಸುವುದುಂಟು. ಹಾಗಾಗಿ ಮೇಲಿನ ಪಟ್ಟಿಯನ್ನು ದಾರಿ ತೋರುವ ಕೈಮರವೆಂದು ಇಟ್ಟುಕೊಂಡು, ನಿಮ್ಮ ಅಂಕಿಯನ್ನು ನಿಮ್ಮ ವೈದ್ಯರಿಂದಲೇ ಕೇಳಿ ಬರೆಸಿಕೊಳ್ಳಬೇಕು. ಅವಳಿ ಮಕ್ಕಳಿದ್ದರೆ ಲೆಕ್ಕವೇ ಬೇರೆ.

ಮೊದಲ ಮೂರು ತಿಂಗಳಲ್ಲಿ ಅರ್ಧದಿಂದ ಎರಡು ಕಿಲೋ ಏರಿದರೆ ಸಾಕು. ವಾಂತಿ, ಓಕರಿಕೆಯಿಂದ ಸ್ವಲ್ಪ ಇಳಿದರೂ ಗಾಬರಿ ಬೇಡ. ನಂತರ ಸರಿಯಾದ ತೂಕದವರು ವಾರಕ್ಕೆ ಸುಮಾರು 400 ಗ್ರಾಂ, ತೆಳ್ಳಗಿನವರು 500 ಗ್ರಾಂ, ಹೆಚ್ಚು ತೂಕದವರು 300 ಗ್ರಾಂ, ಬೊಜ್ಜಿರುವವರು 200 ಗ್ರಾಂ ಏರಬಹುದು.

ಒಂದೇ ತಿಂಗಳಲ್ಲಿ ಮೂರು ಕಿಲೋಗಿಂತ ಹೆಚ್ಚು ಏರಿದರೆ ಊಟವನ್ನು ದೂರಿ ಸುಮ್ಮನಿರಬಾರದು. ಅವಳಿ ಮಕ್ಕಳು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರಬಹುದು. ಮುಖ, ಕೈ ಊದಿಕೊಂಡು, ತಲೆನೋವು ಬಂದು, ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೆಚ್ಚಾದರೇನು, ಕಡಿಮೆಯಾದರೇನು?

ತೂಕ ಅತಿಯಾಗಿ ಏರಿದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುವ, ಸಿಸೇರಿಯನ್ ಬೇಕಾಗುವ ಸಾಧ್ಯತೆ ಹೆಚ್ಚು. ರಕ್ತದೊತ್ತಡ ಏರುವ ಭಯವೂ ಇದೆ. ಹೆರಿಗೆಯ ನಂತರ ಆ ತೂಕ ಇಳಿಯದೆ ಮುಂದಿನ ಬಸುರಿಗೂ ಉಳಿದುಬರುತ್ತದೆ. ಗೋವಾದಲ್ಲಿ ಶೇ. 39ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಇದಕ್ಕೆ ಹಲವು ಕಾರಣಗಳಿವೆ, ತೂಕವೊಂದನ್ನೇ ದೂರುವಂತಿಲ್ಲ. ಆದರೆ ತಾಯಿಯ ಕೈಯಲ್ಲಿ ಸ್ವಲ್ಪವಾದರೂ ಇರುವ ಕಾರಣ ತೂಕ.

ತೂಕ ಸಾಲದಿದ್ದರೆ ಮಗು ಎರಡೂವರೆ ಕಿಲೋಗಿಂತ ಕಡಿಮೆ ಹುಟ್ಟುವ, ತಿಂಗಳು ತುಂಬುವ ಮೊದಲೇ ಹುಟ್ಟುವ ಅಪಾಯ. ಅಂಥ ಮಗುವಿಗೆ ಸೋಂಕು ಬೇಗ ತಗಲುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಭೀಕರ ಬರಗಾಲ ಬಂತು. ಆಗ ತಾಯಿಯ ಹೊಟ್ಟೆಯಲ್ಲಿದ್ದ ಮಕ್ಕಳನ್ನು ವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದರು. ದೊಡ್ಡವರಾದ ಮೇಲೆ ಅವರಲ್ಲಿ ಸಕ್ಕರೆ ಕಾಯಿಲೆಯಂಥ ತೊಂದರೆಗಳು ಹೆಚ್ಚಾಗಿ ಕಂಡವು. ಬಸುರಿಯಲ್ಲಿ ಬಿದ್ದ ಹಸಿವಿನ ಪೆಟ್ಟು ಐವತ್ತು ವರ್ಷದ ನಂತರವೂ ಕಾಡಬಲ್ಲದು ಎಂದು ಜಗತ್ತು ಕಲಿತ ಪಾಠ ಅದು.

ಎಷ್ಟು ಹೆಚ್ಚು ಉಣ್ಣಬೇಕು?

"ಇಬ್ಬರ ಊಟ" ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೆಚ್ಚಿನ ಊಟದ ಅಗತ್ಯ ಬಹುತೇಕ ಇಲ್ಲ. ನಂತರ ದಿನಕ್ಕೆ ಸುಮಾರು 350 ಕ್ಯಾಲರಿ ಹೆಚ್ಚು ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಒಂದು ಹಿಡಿ ಬೇಯಿಸಿದ ಕಡಲೆ ಸೇರಿದರೆ ಅಷ್ಟಾಯಿತು. ಇದು ತಟ್ಟೆ ತುಂಬ ಅನ್ನ ಹೆಚ್ಚಿಸುವ ಮಾತಲ್ಲ, ಒಂದು ಒಳ್ಳೆಯ ತಿಂಡಿಯ ಮಾತು.

ಕ್ಯಾಲರಿಗಿಂತ ಹೆಚ್ಚು ಗಮನ ಬೇಕಾದದ್ದು ಪ್ರೊಟೀನಿಗೆ. ನಾಲ್ಕರಿಂದ ಆರು ತಿಂಗಳವರೆಗೆ ದಿನಕ್ಕೆ ಸುಮಾರು 9.5 ಗ್ರಾಂ, ಕೊನೆಯ ಮೂರು ತಿಂಗಳು 22 ಗ್ರಾಂ ಪ್ರೊಟೀನ್ ಹೆಚ್ಚು ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ನೂರು ಗ್ರಾಂ ಬಂಗಡೆಯಲ್ಲಿ ಸುಮಾರು 19 ಗ್ರಾಂ ಪ್ರೊಟೀನ್ ಇರುತ್ತದೆ.

ನಮ್ಮ ಅಡುಗೆಮನೆಯಲ್ಲೇ ಇದೆ

ಗೋವಾ ಮತ್ತು ಕಾರವಾರ ಕಡೆಯ ಊಟ ಅನ್ನ, ಮೀನು, ತೆಂಗಿನಕಾಯಿ. ಇದರಲ್ಲಿ ಬಿಡಬೇಕಾದದ್ದು ಕಡಿಮೆ, ಹದ ಮಾಡಬೇಕಾದದ್ದು ಹೆಚ್ಚು.

ಅನ್ನ: ಉಕಡೆ ಅಕ್ಕಿ (ಕುಚ್ಚಲಕ್ಕಿ) ಬಿಳಿ ಅಕ್ಕಿಗಿಂತ ಒಳ್ಳೆಯದು. ಬೆಳಗಿನ ಪೇಜ್ (ಗಂಜಿ) ವಾಂತಿ ಇರುವ ದಿನಗಳಲ್ಲಿ ಹೊಟ್ಟೆಗೆ ಹಿತ. ಆದರೆ ಪೇಜ್ ಮತ್ತು ಉಪ್ಪಿನಕಾಯಿ ಮಾತ್ರ ಊಟವಾಗಬಾರದು. ಜತೆಗೆ ಅಲಸಂದೆ ಪಲ್ಯವೋ, ಮೊಟ್ಟೆಯೋ, ಮೀನೋ ಇರಬೇಕು. ಘಟ್ಟದ ಮೇಲಿನಿಂದ ಬಂದವರು ಜೋಳದ ರೊಟ್ಟಿ, ಕಾಳುಪಲ್ಯ ಬಿಡಬೇಕಾಗಿಲ್ಲ. ಅದೂ ಒಳ್ಳೆಯ ಊಟವೇ.

ಪಾವ್: ಮೈದಾದ ಪಾವಿಗಿಂತ ತೌಡು ಸೇರಿದ ಪೊಯಿ ಮೇಲು. ದಿನಕ್ಕೆ ಎರಡು ಹೊತ್ತು ಭಾಜಿ-ಪಾವ್ ತಿನ್ನುವ ರೂಢಿ ಇದ್ದರೆ ಒಂದು ಹೊತ್ತಿಗೆ ಇಳಿಸಬಹುದು.

ಮೀನು: ಬಂಗಡೆ, ತಾರ್ಲೆ (ಭೂತಾಯಿ) ಮೀನುಗಳಲ್ಲಿ ಪ್ರೊಟೀನ್ ಜತೆಗೆ ಮಗುವಿನ ಮಿದುಳಿಗೆ ಬೇಕಾದ ಒಳ್ಳೆಯ ಕೊಬ್ಬೂ ಇದೆ. ಬೆಲೆಯೂ ದೊಡ್ಡ ಮೀನುಗಳಷ್ಟಿಲ್ಲ. ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರಿಗೆ ಹೇಳುತ್ತದೆ. ಮೋರಿಯಂಥ (ಶಾರ್ಕ್) ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಹೆಚ್ಚು. ಅದನ್ನು ಬಿಡುವುದೇ ಕ್ಷೇಮ. ತಿಸ್ರ್ಯೊ ಮುಂತಾದ ಚಿಪ್ಪಿನ ಜೀವಿಗಳನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದ ಮೀನಿಗಿಂತ ಆಮಟಿ ಒಳ್ಳೆಯದು. ಒಣಮೀನಿನಲ್ಲಿ ಉಪ್ಪು ಅತಿ. ರಕ್ತದೊತ್ತಡ ಇದ್ದವರು ದೂರವಿಡಬೇಕು.

ತೆಂಗಿನಕಾಯಿ: ನೂರು ಗ್ರಾಂ ಹಸಿ ತುರಿಯಲ್ಲಿ 350ಕ್ಕೂ ಹೆಚ್ಚು ಕ್ಯಾಲರಿ ಇದೆ. ತೆಳ್ಳಗಿನವರಿಗೆ ಇದು ವರ. ತೂಕ ಹೆಚ್ಚಿದ್ದವರು ಆಮಟಿಗೆ ಹಾಕುವ ಕಾಯಿಯನ್ನು ಅರ್ಧ ಮಾಡಿದರೆ ರುಚಿ ಹಾಳಾಗದೆ ಹಗುರಾಗುತ್ತದೆ.

ರಾಗಿ: ಕೊಂಕಣಿಯ ನಾಚಣೊ, ಕನ್ನಡದ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಗರ್ಭಿಣಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಬೆಲ್ಲ ಕಡಿಮೆ ಹಾಕಿದ ಅಂಬಲಿ, ರೊಟ್ಟಿ, ದೋಸೆ ಯಾವುದಾದರೂ ಸರಿ.

ಸೊಪ್ಪು: ತಾಂಬ್ಡಿ ಭಾಜಿ (ಕೆಂಪು ಹರಿವೆ), ನುಗ್ಗೆಸೊಪ್ಪು ದಿನಕ್ಕೊಂದಾದರೂ ಇರಲಿ. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣದಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜತೆಗೆ ಚಹಾ ಕುಡಿದರೆ ಆ ಲಾಭ ಹೋಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರ ಬೇಕು.

ಸಿಹಿ ಮತ್ತು ತಂಪು ಪಾನೀಯ: ತೂಕ ಏರುವುದು ಹೆಚ್ಚಾಗಿ ಈ ದಾರಿಯಲ್ಲಿ. 300 ಮಿಲಿಲೀಟರಿನ ಕೋಲಾ ಬಾಟಲಿಯಲ್ಲಿ ಸುಮಾರು ಆರು ಚಮಚ ಸಕ್ಕರೆ ಇರುತ್ತದೆ. ಬೇಸಗೆಯಲ್ಲಿ ಬಾಯಾರಿದರೆ ನೀರು, ಮಜ್ಜಿಗೆ, ಸಕ್ಕರೆಯಿಲ್ಲದ ಕೋಕಂ ಶರಬತ್ತು ಸಾಕು. ಚವತಿ, ಕ್ರಿಸ್ಮಸ್ ಬಂದಾಗ ನೇವ್ರಿ, ಬೆಬಿಂಕ ರುಚಿ ನೋಡಲಿ, ಡಬ್ಬಿ ಪಕ್ಕದಲ್ಲಿಟ್ಟುಕೊಳ್ಳುವುದು ಬೇಡ.

ಮದ್ಯ: ಶಕ್ತಿ ಬರುತ್ತದೆಂದು ಒಂದು ಗುಟುಕು ವೈನ್ ಕೊಡುವ ಮನೆಗಳಿವೆ. ಗರ್ಭಿಣಿಗೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ. ಫೆಣಿ, ವೈನ್, ಬಿಯರ್ ಎಲ್ಲಕ್ಕೂ ಇದು ಅನ್ವಯ.

ಒಂದೇ ಅಡುಗೆ, ಬೇರೆ ಬೇರೆ ತಟ್ಟೆ

ತೂಕ ಕಡಿಮೆ ಇದ್ದವಳು ಮೂರು ಹೊತ್ತಿನ ಊಟದ ನಡುವೆ ಇನ್ನೆರಡು ತಿಂಡಿ ತಿನ್ನಬೇಕು: ಶೇಂಗಾ-ಬೆಲ್ಲ, ಹಾಲು, ಮೊಟ್ಟೆ, ರಾಗಿ ಅಂಬಲಿ. ತುತ್ತಿಗೆ ಒಂದು ಚಮಚ ತುಪ್ಪವೂ ಒಳ್ಳೆಯದೇ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಈ ಒಂಬತ್ತು ತಿಂಗಳಾದರೂ ನಿಲ್ಲಲಿ. ಆಹಾರ ಭದ್ರತಾ ಕಾಯ್ದೆಯ (2013) ಪ್ರಕಾರ ಅಂಗನವಾಡಿಯಿಂದ ಗರ್ಭಿಣಿಗೆ ದಿನಕ್ಕೆ 600 ಕ್ಯಾಲರಿಯ ಪೂರಕ ಆಹಾರ ಸಿಗಬೇಕು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲೇ ಬಿಸಿಯೂಟ ನೀಡುವ ಏರ್ಪಾಟು. ಗೋವಾಕ್ಕೆ ದುಡಿಯಲು ಬಂದ ಕುಟುಂಬಗಳು ತಾವಿರುವ ಕಡೆಯ ಅಂಗನವಾಡಿಯಲ್ಲಿ ವಿಚಾರಿಸಿ ಹೆಸರು ಬರೆಸಿಕೊಳ್ಳಬೇಕು.

ತೂಕ ಹೆಚ್ಚಿದ್ದವಳು ಉಪವಾಸ ಮಾಡಬಾರದು. ಬಸುರಿಯಲ್ಲಿ ತೂಕ ಇಳಿಸುವ ಪಥ್ಯಕ್ಕೆ ಜಾಗವಿಲ್ಲ. ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಅನ್ನ ಅಥವಾ ರೊಟ್ಟಿ, ಕಾಲು ಭಾಗ ಮೀನು, ಮೊಟ್ಟೆ ಅಥವಾ ಬೇಳೆ ಎಂದು ಹಂಚಿಕೊಂಡರೆ ಹಸಿವೂ ಆಗದು, ತೂಕವೂ ಓಡದು. ಎಣ್ಣೆ ಒಂದು ಚಮಚ ಕಡಿಮೆಯಾದರೆ 45 ಕ್ಯಾಲರಿ ಉಳಿಯಿತು.

ಎಲ್ಲ ಗರ್ಭಿಣಿಯರೂ ಸಕ್ಕರೆ ಪರೀಕ್ಷೆ ಮಾಡಿಸಬೇಕು. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಬಸುರಿಯ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ ಮಾಡಿಸಬೇಕೆಂದು ಕೇಂದ್ರ ಆರೋಗ್ಯ ಇಲಾಖೆಯ ಸೂಚನೆ ಇದೆ. ಬಹಳ ಮಂದಿಗೆ ಊಟ ಮತ್ತು ನಡಿಗೆಯಿಂದಲೇ ಇದು ಹತೋಟಿಗೆ ಬರುತ್ತದೆ.

ತೂಕ ಎಷ್ಟೇ ಇರಲಿ, ಕಬ್ಬಿಣದ ಮಾತ್ರೆ ತಪ್ಪಿಸಬಾರದು. ನಾಲ್ಕನೇ ತಿಂಗಳಿನಿಂದ ಕನಿಷ್ಠ 180 ದಿನ ದಿನಕ್ಕೊಂದು ಮಾತ್ರೆ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜತೆಗೆ ನುಂಗದೆ ಬೇರೆ ಹೊತ್ತಿಗೆ ನುಂಗಬೇಕು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಮಗುವೂ ಕಪ್ಪಾಗುತ್ತದೆ ಎಂಬುದು ಸುಳ್ಳು.

ನಡಿಗೆ ಮತ್ತು ವ್ಯಾಯಾಮ

ಆರೋಗ್ಯವಂತ ಗರ್ಭಿಣಿ ವಾರಕ್ಕೆ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆದರೆ ಅಷ್ಟಾಯಿತು. ರೂಢಿ ಇಲ್ಲದವರು ಹತ್ತು ನಿಮಿಷದಿಂದ ಶುರು ಮಾಡಿ ವಾರವಾರಕ್ಕೆ ಐದು ನಿಮಿಷ ಏರಿಸಬಹುದು. ನಡೆಯುವಾಗ ಮಾತಾಡಲು ಬರಬೇಕು, ಆದರೆ ಹಾಡಲು ಉಸಿರು ಸಾಲದಿರಬೇಕು. ವೇಗದ ಅಳತೆ ಅಷ್ಟೇ. 2015ರಲ್ಲಿ ಕಾಕ್ರೇನ್ ಸಂಸ್ಥೆ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಊಟದ ಹತೋಟಿ, ವ್ಯಾಯಾಮ ಅಥವಾ ಎರಡನ್ನೂ ಪಾಲಿಸಿದವರಲ್ಲಿ ಅತಿಯಾದ ತೂಕ ಏರಿಕೆ ಸರಾಸರಿ ಶೇ. 20ರಷ್ಟು ಕಡಿಮೆಯಾಗಿತ್ತು.

ನಮ್ಮ ಕಡೆ ಕೆಲವು ಎಚ್ಚರಿಕೆ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರುವ ಮೊದಲು ಅಥವಾ ಸಂಜೆ ನಡೆಯಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿದ ಚಿರೆಕಲ್ಲಿನ ಅಂಗಳದಲ್ಲಿ ಕಾಲು ಜಾರುವ ಭಯ ಇರುವುದರಿಂದ ಮನೆಯ ಜಗಲಿಯಲ್ಲೇ ಅತ್ತಿತ್ತ ನಡೆದರೂ ಸಾಕು. ಹೆದ್ದಾರಿ ಬದಿಗಿಂತ ಶಾಲೆಯ ಮೈದಾನ, ದೇವಸ್ಥಾನ ಅಥವಾ ಇಗರ್ಜಿಯ ಅಂಗಳ ಒಳ್ಳೆಯದು.

ಮನೆಯಲ್ಲೇ ಮಾಡಬಹುದಾದವು: ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯೂರಿ ದೂಡುವುದು, ಮಂಡಿ-ಅಂಗೈ ಊರಿ ಬೆನ್ನನ್ನು ಮೇಲೆ ಕೆಳಗೆ ಮಾಡುವುದು (ಮಾರ್ಜಾಲಾಸನ), ಪಾದಗಳನ್ನು ಜೋಡಿಸಿ ಕೂರುವುದು (ಬದ್ಧಕೋಣಾಸನ). ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಬಿಡುವುದನ್ನು ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಹತ್ತು ಸಲ ಮಾಡಿದರೆ ಹೆರಿಗೆಯ ನಂತರ ಮೂತ್ರ ಸೋರುವ ತೊಂದರೆ ಕಡಿಮೆಯಾಗುತ್ತದೆ. ಕಪಾಲಭಾತಿ, ಉಸಿರು ಬಿಗಿಹಿಡಿಯುವ ಪ್ರಾಣಾಯಾಮ, ಹೊಟ್ಟೆಯ ಮೇಲೆ ಮಲಗುವ ಆಸನ, ಸರ್ವಾಂಗಾಸನ ಬೇಡ. ನಾಲ್ಕನೇ ತಿಂಗಳ ನಂತರ ಬಹಳ ಹೊತ್ತು ಅಂಗಾತ ಮಲಗಿ ವ್ಯಾಯಾಮ ಮಾಡಬಾರದು.

ಕಟ್ಟಡ ಕೆಲಸಕ್ಕೆ ಹೋಗುವವರು, ಮೀನಿನ ಬುಟ್ಟಿ ಹೊರುವವರು, ಗದ್ದೆಯಲ್ಲಿ ಬಗ್ಗಿ ನೆಡುವವರು, ಹೋಟೆಲಿನಲ್ಲಿ ಇಡೀ ದಿನ ನಿಲ್ಲುವವರು ಈ ಅರ್ಧ ಗಂಟೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅವರ ಮೈ ಆಗಲೇ ಬೇಕಾದಷ್ಟು ದಣಿದಿರುತ್ತದೆ. ಭಾರ ಎತ್ತುವುದು, ತಾಸುಗಟ್ಟಲೆ ನಿಲ್ಲುವುದು ತಿಂಗಳು ತುಂಬದ ಹೆರಿಗೆಯ ಅಪಾಯವನ್ನು ಹೆಚ್ಚಿಸಬಹುದು. ಅವರಿಗೆ ಬೇಕಾದದ್ದು ಹಗುರ ಕೆಲಸ, ಹೆಚ್ಚು ಊಟ, ಹಗಲಲ್ಲಿ ಎರಡು ಗಂಟೆ, ರಾತ್ರಿ ಎಂಟು ಗಂಟೆ ವಿಶ್ರಾಂತಿ. ಮೇಸ್ತ್ರಿಗೆ, ಮನೆಯ ಗಂಡಸರಿಗೆ ಇದನ್ನು ತಿಳಿಹೇಳಬೇಕು.

ಮಾಸು ಕೆಳಗಿರುವವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಹೃದಯದ ಕಾಯಿಲೆ, ತೀವ್ರ ರಕ್ತಹೀನತೆ ಅಥವಾ ಏರಿದ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ವ್ಯಾಯಾಮ ಮಾಡಬಾರದು. ಉಳಿದವರು ಕೂಡ ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಬಿಗಿದು ನೋವು ಬಂದರೆ, ತಲೆ ಸುತ್ತಿದರೆ, ಎದೆ ನೋವು ಬಂದರೆ, ಮೀನಖಂಡ ಊದಿ ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ತುರ್ತಿಗೆ 108 ಆಂಬುಲೆನ್ಸ್ ಗೋವಾದಲ್ಲೂ ಕರ್ನಾಟಕದಲ್ಲೂ ಇದೆ.

ಗಡಿ ದಾಟುವಾಗ ಕಾರ್ಡ್ ಮರೆಯಬೇಡಿ

ಚೊಚ್ಚಲು ಬಸುರಿಗೆ ಏಳನೇ ತಿಂಗಳಲ್ಲಿ ಸೀಮಂತ ಮಾಡಿ ತವರಿಗೆ ಕಳುಹಿಸುವುದು ನಮ್ಮಲ್ಲಿ ರೂಢಿ. ಕಾಣಕೋಣದ ಸೊಸೆ ಮಾಜಾಳಿಗೆ, ಮಡಗಾಂವಿನ ಸೊಸೆ ಖಾನಾಪುರಕ್ಕೆ, ಜೋಯಿಡಾದ ಸೊಸೆ ಸಾಂಗೆಗೆ ಹೋಗುತ್ತಾಳೆ. ತೂಕ ವೇಗವಾಗಿ ಏರುವ, ರಕ್ತದೊತ್ತಡ ಕಾಣಿಸಿಕೊಳ್ಳುವ ಕಾಲವೂ ಇದೇ. ಹಳೆಯ ಕಾರ್ಡ್ ಗಂಡನ ಮನೆಯ ಕಪಾಟಿನಲ್ಲೇ ಉಳಿದರೆ ಹೊಸ ಆಸ್ಪತ್ರೆಯ ವೈದ್ಯರಿಗೆ ಆಕೆ ಎಷ್ಟರಿಂದ ಎಷ್ಟಕ್ಕೆ ಏರಿದಳು ಎಂದು ತಿಳಿಯುವ ದಾರಿಯೇ ಇಲ್ಲ. 62 ಕಿಲೋ ಎಂಬ ಒಂದು ಅಂಕಿಯಿಂದ ಏನೂ ತಿಳಿಯದು. 60ರಿಂದ 62ಕ್ಕೆ ಬಂದವಳಿಗೂ 46ರಿಂದ 62ಕ್ಕೆ ಬಂದವಳಿಗೂ ಚಿಕಿತ್ಸೆ ಬೇರೆ.

ಆದ್ದರಿಂದ ಈ ನಾಲ್ಕು ಕೆಲಸ ಮಾಡಿ:

1. ಹನ್ನೆರಡು ವಾರ ತುಂಬುವ ಮೊದಲೇ ಹೆಸರು ನೋಂದಾಯಿಸಿ, ಎತ್ತರ ಮತ್ತು ಮೊದಲ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ.
2. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ, ಚಪ್ಪಲಿ ಬಿಟ್ಟು, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿಸಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ.
3. ತವರಿಗೆ ಹೋಗುವಾಗ ಕಾರ್ಡ್, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಕಾಗದಗಳನ್ನು ಸೀರೆಗಳಿಗಿಂತ ಮೊದಲು ಚೀಲಕ್ಕೆ ಹಾಕಿ. ಮೊಬೈಲಿನಲ್ಲಿ ಒಂದು ಫೋಟೋ ಇರಲಿ.
4. ಹೊಸ ಊರಿಗೆ ಹೋದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕಂಡು ತೂಕ ನೋಡಿಸಿ. ಎರಡು ತಕ್ಕಡಿಗಳ ನಡುವೆ ಒಂದಿಷ್ಟು ವ್ಯತ್ಯಾಸ ಇರಬಹುದು. ಮುಂದಿನ ವಾರಗಳ ಏರಿಕೆಯನ್ನು ಹೊಸ ತಕ್ಕಡಿಯ ಮೊದಲ ಅಂಕಿಯಿಂದ ಲೆಕ್ಕ ಹಾಕಿ.

ಕಾಣಕೋಣದಲ್ಲಿ ಸಮುದಾಯ ಆರೋಗ್ಯ ಕೇಂದ್ರ, ಮಡಗಾಂವಿನಲ್ಲಿ ದಕ್ಷಿಣ ಗೋವಾ ಜಿಲ್ಲಾ ಆಸ್ಪತ್ರೆ, ಬಾಂಬೋಳಿಯಲ್ಲಿ ಗೋವಾ ವೈದ್ಯಕೀಯ ಕಾಲೇಜು, ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಯಾವ ಕಡೆ ಹೆರಿಗೆ ಎಂದು ಎಂಟನೇ ತಿಂಗಳ ಮೊದಲೇ ತೀರ್ಮಾನಿಸಿ ಅಲ್ಲಿ ಒಮ್ಮೆಯಾದರೂ ತೋರಿಸಿರಬೇಕು.

ಹೆರಿಗೆಯ ನಂತರ

ಹೆರಿಗೆಯಾದ ಕೂಡಲೇ ಐದಾರು ಕಿಲೋ ಇಳಿಯುತ್ತದೆ. ಉಳಿದದ್ದು ತಿಂಗಳುಗಳಲ್ಲಿ ಇಳಿಯಬೇಕು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು. ಆದ್ದರಿಂದ ಬಾಣಂತನದಲ್ಲಿ ಪಥ್ಯದ ಹೆಸರಿನಲ್ಲಿ ಸೊಪ್ಪು, ಹಣ್ಣು, ನೀರು ಬಿಡಿಸುವುದು ತಪ್ಪು. ತುಪ್ಪ, ಅಂಟಿನುಂಡೆಗಳನ್ನು ಲೆಕ್ಕವಿಲ್ಲದೆ ತಿನ್ನಿಸುವುದೂ ತಪ್ಪು. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು ಆರು ವಾರದ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು.

ಸಲಹೆ ಕೊಡುವ ಹಿರಿಯರ ಪ್ರೀತಿಯಲ್ಲಿ ಸಂದೇಹವಿಲ್ಲ. ಅವರು ಬಡಿಸುವ ಮೊದಲು, ಅಥವಾ ಬೇಡ ಎನ್ನುವ ಮೊದಲು, ಸೊಸೆಯ ಕಾರ್ಡಿನಲ್ಲಿ ಬರೆದ ಮೊದಲ ತೂಕವನ್ನು ಒಮ್ಮೆ ನೋಡಿದರೆ ಸಾಕು. ಎಷ್ಟು ಬಡಿಸಬೇಕೆಂದು ಆ ಅಂಕಿಯೇ ಹೇಳುತ್ತದೆ.